ಮಣ್ಣು ಚೇತರಿಸಿಕೊಳ್ಳುವ ತನಕ ರೈತನ ಜೊತೆ ನಿಲ್ಲುವವರು ಯಾರು?

ರಾಯದುರ್ಗದ ಕಡೆ ಅದನ್ನು ಶೇಂಗಾ ಎನ್ನುತ್ತಾರೆ, ಮಡಕಶಿರಾದ ಕಡೆ ಕಡಲೆಕಾಯಿ. ಹೆಸರು ಯಾವುದಾದರೂ ಕೊಯ್ಲಿನ ರೀತಿ ಒಂದೇ. ಗಿಡವನ್ನು ಬೇರುಸಹಿತ ಕೀಳುವುದು, ಕಾಯಿ ಬಿಡಿಸುವುದು, ಬಳ್ಳಿಯನ್ನು ದನಗಳ ಮೇವಿಗೆಂದು ಬಣವೆ ಹಾಕುವುದು. ಹೊಲದಲ್ಲಿ ಆಮೇಲೆ ಉಳಿಯುವುದು ಏನೂ ಇಲ್ಲ. ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ನೆಲಕ್ಕೆ ಕೊಡಬಲ್ಲ ದ್ವಿದಳ ಜಾತಿಯ ಬೆಳೆಯೇ ಆದರೂ, ಬೇರು ಬಳ್ಳಿಗಳೆರಡೂ ಹೊಲ ಬಿಟ್ಟು ಹೋಗುವುದರಿಂದ ಮಣ್ಣಿಗೆ ದಕ್ಕುವ ಪಾಲು ಅತ್ಯಲ್ಪ. ಕೊಯ್ಲು ಮುಗಿದ ದಿನದಿಂದ ಮುಂದಿನ ಮುಂಗಾರಿನವರೆಗೆ ಏಳೆಂಟು ತಿಂಗಳ ಕಾಲ ಆ ಕೆಂಪು ನೆಲ ಬರಿಮೈಯಲ್ಲಿ ಬಿಸಿಲಿಗೆ ಬಿದ್ದಿರುತ್ತದೆ. ಹಗರಿ ನದಿಯ ದಂಡೆಯಲ್ಲಿರುವ ಕಣೇಕಲ್, ಬೊಮ್ಮನಹಾಳ್ ಮಂಡಲಗಳಲ್ಲಿ ಇದರ ಕಡೆಯ ಹಂತವನ್ನೇ ಕಾಣಬಹುದು. ನದಿಪಾತ್ರದ ಮರಳು ಆಷಾಢದ ಗಾಳಿಗೆ ಎದ್ದು ಹೊಲಗಳ ಮೇಲೆ ದಿಬ್ಬಗಳಾಗಿ ಕೂರುತ್ತದೆ. ದಕ್ಷಿಣ ಭಾರತದ ನಡುವೆ ಮರುಭೂಮಿಯ ತುಣುಕೊಂದನ್ನು ನೋಡಬೇಕೆನ್ನುವವರು ಇಲ್ಲಿಗೆ ಬರಬೇಕು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. ಮಡಕಶಿರಾ ಅದಕ್ಕೂ ಮೊದಲಿನಿಂದ ಅನಂತಪುರ ಜಿಲ್ಲೆಯಲ್ಲಿತ್ತು. ಮೂರು ಕಡೆಯಿಂದ ತುಮಕೂರು ಸೀಮೆ ಸುತ್ತುವರಿದಿರುವ ಈ ಭಾಗ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಆಡಳಿತದ ಗೆರೆ ಹೇಗೆ ಬದಲಾದರೂ ಮಳೆಯ ಲೆಕ್ಕ ಬದಲಾಗಲಿಲ್ಲ. ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಪಶ್ಚಿಮದ ಮುಂಗಾರು ಘಟ್ಟಗಳಲ್ಲಿ ಸುರಿದು ಬರಿದಾಗಿ ಬರುತ್ತದೆ, ಪೂರ್ವದ ಹಿಂಗಾರು ಕರಾವಳಿಯಲ್ಲೇ ತನ್ನ ಹೊರೆ ಇಳಿಸಿಬಿಡುತ್ತದೆ. ಇಂತಹ ನೆಲದಲ್ಲಿ ಒಂದೇ ಬೆಳೆಯನ್ನು ನಂಬಿ ವರ್ಷವನ್ನೆಲ್ಲ ಪಣಕ್ಕಿಡುವುದು ಹಿರಿಯರ ರೂಢಿಯಾಗಿರಲಿಲ್ಲ. ರಾಗಿ ಹೊಲದ ನಡುನಡುವೆ ಅಕ್ಕಡಿ ಸಾಲು ಹಾಕಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ ಬೆಳೆಯುತ್ತಿದ್ದರು. ಒಂದು ಒಣಗಿದರೆ ಇನ್ನೊಂದು ಕೈಹಿಡಿಯುತ್ತಿತ್ತು. ಎಣ್ಣೆಬೀಜಕ್ಕೆ ಬೆಲೆ ಬಂದ ದಶಕಗಳಲ್ಲಿ ಶೇಂಗಾ ಎಲ್ಲವನ್ನೂ ಪಕ್ಕಕ್ಕೆ ಸರಿಸಿತು. ಒಂದು ಕಾಲಕ್ಕೆ ಅವಿಭಜಿತ ಅನಂತಪುರ ಜಿಲ್ಲೆಯೊಂದರಲ್ಲೇ ಅದರ ವಿಸ್ತೀರ್ಣ 7 ಲಕ್ಷ ಹೆಕ್ಟೇರ್ ದಾಟಿತ್ತು.

ಆ ಬೆಳೆ ಹಣ ತರಲಿಲ್ಲ ಎಂದಲ್ಲ. ಮಳೆ ಕೂಡಿಬಂದ ವರ್ಷಗಳಲ್ಲಿ ಮಕ್ಕಳ ಮದುವೆ, ಮನೆಯ ಮಾಳಿಗೆ, ಕೊಳವೆಬಾವಿ ಎಲ್ಲವೂ ಶೇಂಗಾದಿಂದಲೇ ಆದವು. ಆದರೆ ಬೀಜ, ಗೊಬ್ಬರ, ಔಷಧಿ ಎಲ್ಲವನ್ನೂ ಸಾಲದಿಂದ ತಂದು, ಹೂವು ಬಿಡುವ ಅಥವಾ ಕಾಯಿ ಕಟ್ಟುವ ಹೊತ್ತಿನಲ್ಲಿ ಇಪ್ಪತ್ತು ದಿನ ಮಳೆ ಹೋದರೆ ಉಳಿಯುವುದು ಸಾಲ ಮಾತ್ರ. ಇಂತಹ ನಾಲ್ಕು ವರ್ಷ ಒಟ್ಟಿಗೆ ಬಂದ ಮನೆಯಲ್ಲಿ ಏನಾಗುತ್ತದೆಂಬುದನ್ನು ಗಡಿಯ ಕನ್ನಡ ಶಾಲೆಗಳ ಹಾಜರಿ ಪುಸ್ತಕ ಬಲ್ಲದು. ತಂದೆ ತಾಯಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಮಗು ಅಜ್ಜಿಯ ಬಳಿ ಉಳಿದರೆ ಶಾಲೆಯಲ್ಲಿ ಹೆಸರೂ ಉಳಿಯುತ್ತದೆ, ಜೊತೆಗೆ ಹೋದರೆ ಅದೂ ಇಲ್ಲ.

ಈ ಹಿನ್ನೆಲೆಯಲ್ಲಿ ಕೇಳಿಬರುತ್ತಿರುವ ಹೊಸ ಪದ 'ಪುನರುಜ್ಜೀವಕ ಕೃಷಿ'. ಅಮೆರಿಕದ ರಾಬರ್ಟ್ ರೋಡೇಲ್ 1980ರ ದಶಕದಲ್ಲಿ ಇದನ್ನು ಪ್ರಚಾರಕ್ಕೆ ತಂದರು. ಇಳುವರಿ ಕುಗ್ಗದಂತೆ ಮಣ್ಣನ್ನು ಕಾಯುವುದಷ್ಟೇ ಸಾಲದು, ಬೇಸಾಯ ಮಾಡುತ್ತಲೇ ಕಳೆದುಹೋದ ಸತ್ವವನ್ನು ಮಣ್ಣಿಗೆ ಮರಳಿಸಬೇಕು ಎಂಬುದು ಅದರ ತಿರುಳು. ನೆಲವನ್ನು ಬರಿದಾಗಿ ಬಿಡದಿರುವುದು, ಉಳುಮೆಯನ್ನು ತಗ್ಗಿಸುವುದು, ಹಲವು ಬೆಳೆಗಳನ್ನು ಬೆರೆಸುವುದು, ದನ ಕುರಿಗಳನ್ನು ಬೇಸಾಯದಿಂದ ಬೇರ್ಪಡಿಸದಿರುವುದು ಅದರ ಮುಖ್ಯ ನಡೆಗಳು. ಅಕ್ಕಡಿ ಸಾಲು ಹಾಕಿದ, ಹೊಲದಲ್ಲಿ ಕುರಿ ತರುಬಿಸಿದ ಅಜ್ಜನಿಗೆ ಇದರಲ್ಲಿ ಹೊಸದೇನೂ ಕಾಣಿಸಲಾರದು. ಆದರೂ ಆಂಧ್ರದಲ್ಲಿ ರೂಢಿಗೆ ಬಂದಿರುವ ಒಂದು ಕ್ರಮ ಮಾತ್ರ ಆ ಅಜ್ಜನನ್ನೂ ಹುಬ್ಬೇರಿಸುವಂತೆ ಮಾಡೀತು. ಅದು ಮುಂಗಾರಿಗೆ ಮುಂಚಿನ ಒಣ ಬಿತ್ತನೆ.

ಮಳೆ ಬಿದ್ದು ನೆಲ ಹದವಾದ ಮೇಲೆ ಬಿತ್ತುವುದು ಲೋಕರೂಢಿ. ಇಲ್ಲಿ ಏಪ್ರಿಲ್, ಮೇ ತಿಂಗಳ ಉರಿಬಿಸಿಲಿನಲ್ಲಿ ಒಣ ನೆಲಕ್ಕೇ ಬೀಜ ಹಾಕುತ್ತಾರೆ. ಬೀಜವೂ ಒಂದಲ್ಲ. ಸಜ್ಜೆ, ನವಣೆ, ಜೋಳ, ಅಲಸಂದೆ, ಹೆಸರು, ಉದ್ದು, ಹುರುಳಿ, ತೊಗರಿ, ಎಳ್ಳು, ಹರಳು, ಸಾಸಿವೆ, ಪುಂಡಿ, ಬೆಂಡೆ, ಗೋರಿಕಾಯಿ ಹೀಗೆ ಹದಿನೈದು ಇಪ್ಪತ್ತು ಬಗೆಯವನ್ನು ಬೆರೆಸುತ್ತಾರೆ. ಬೆರೆಸಿದ ಬೀಜವನ್ನು ಸಗಣಿ, ಗಂಜಲ, ಸುಣ್ಣಗಳ ಬೀಜಾಮೃತದಲ್ಲಿ ನೆನೆಸಿ, ಅದರ ಮೇಲೆ ನುಣ್ಣನೆಯ ಜೇಡಿಮಣ್ಣು, ಸಗಣಿ ಗೊಬ್ಬರದ ಪುಡಿ, ಒಲೆಯ ಬೂದಿಗಳನ್ನು ಪದರ ಪದರವಾಗಿ ಹತ್ತಿಸಿ ನೆರಳಲ್ಲಿ ಒಣಗಿಸುತ್ತಾರೆ. ಹೀಗೆ ಉಂಡೆಗಟ್ಟಿದ ಬೀಜವನ್ನು ಇರುವೆ ಹೊತ್ತೊಯ್ಯುವುದಿಲ್ಲ, ಹಕ್ಕಿ ಸುಲಭವಾಗಿ ಹೆಕ್ಕುವುದಿಲ್ಲ, ನಾಲ್ಕು ಹನಿ ಬಿದ್ದ ಮಾತ್ರಕ್ಕೆ ಅರೆಬರೆ ಮೊಳೆತು ಸಾಯುವುದೂ ಇಲ್ಲ. ಬಿತ್ತಿದ ಮೇಲೆ ಶೇಂಗಾ ಸಿಪ್ಪೆ, ಹುಲ್ಲು, ಒಣಗಿದ ಕಡ್ಡಿ, ಕೈಗೆ ಸಿಕ್ಕಿದ್ದನ್ನು ಹೊದಿಸುತ್ತಾರೆ.

ಗಾಳಿಯಲ್ಲಿರುವ ತೇವಾಂಶ ಮತ್ತು ಇಬ್ಬನಿಯನ್ನೇ ಹೀರಿ ಈ ಬೀಜಗಳು ಮೊಳೆಯಬಲ್ಲವೆಂದು ಪ್ರವರ್ತಕರು ಹೇಳುತ್ತಾರೆ. ಈ ಮಾತನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ಅದು ಹಾಗಿರಲಿ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂಬ ಗಾದೆ ಕನ್ನಡ ರೈತನಿಗೆ ಹೊಸದಲ್ಲ. ಏಪ್ರಿಲ್ ಕೊನೆಯ ವಾರದಿಂದ ಮೇ ಎರಡನೆಯ ವಾರದವರೆಗಿನ ಆ ಮಳೆ ಬರಿ ನೆಲದ ಮೇಲೆ ಬಿದ್ದರೆ ಎರಡು ದಿನದಲ್ಲಿ ಆವಿಯಾಗುತ್ತದೆ. ಹೊದಿಕೆಯ ಅಡಿಯಲ್ಲಿ ಕಾದು ಕುಳಿತ ಬೀಜಕ್ಕೆ ಅದೇ ಮಳೆ ಜೀವವಾಗುತ್ತದೆ. ಮುಂಗಾರು ಬಲಿಯುವ ಹೊತ್ತಿಗೆ ಹೊಲದಲ್ಲಿ ಮೊಣಕಾಲೆತ್ತರದ ಹಸಿರು. ಒಂದಿಷ್ಟು ಸೊಪ್ಪು ತರಕಾರಿ ಮನೆಗೆ, ಒಂದಿಷ್ಟು ಮೇವು ಕೊಟ್ಟಿಗೆಗೆ, ಉಳಿದದ್ದು ಅಲ್ಲೇ ಮಣ್ಣಿಗೆ. ಅದರ ಮೇಲೆಯೇ ಮುಖ್ಯ ಬೆಳೆಯ ಬಿತ್ತನೆ. ಎಲೆಯಲ್ಲಿ ತಯಾರಾದ ಸಕ್ಕರೆಯ ಒಂದು ಪಾಲು ಬೇರಿನ ಮೂಲಕ ಮಣ್ಣಿಗಿಳಿದು ಅಲ್ಲಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆಂಬುದನ್ನು ಸಸ್ಯವಿಜ್ಞಾನವೂ ಹೇಳುತ್ತದೆ. ನೆಲದಲ್ಲಿ ವರ್ಷದ ಹೆಚ್ಚು ದಿನ ಜೀವಂತ ಬೇರು ಇರಬೇಕೆನ್ನುವುದು ಈ ಕಾರಣಕ್ಕೆ.

ವಿಧಾನ ಕಷ್ಟದ್ದಲ್ಲ. ಜೀವಾಮೃತದ ಅಳತೆಯನ್ನು ಏಳನೆಯ ತರಗತಿಯ ಮಗುವೂ ಬಾಯಿಪಾಠ ಮಾಡಬಹುದು: 200 ಲೀಟರ್ ನೀರು, 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಇದು ಒಂದು ಎಕರೆಗೆ. ಮಹಾರಾಷ್ಟ್ರದ ಸುಭಾಷ್ ಪಾಳೇಕರ್ ಹೇಳಿಕೊಟ್ಟ ಈ ಪಾಕವನ್ನು ಕರ್ನಾಟಕದಲ್ಲಿ ರೈತ ಸಂಘವು 2000ದ ದಶಕದ ಆರಂಭದಲ್ಲೇ ಶಿಬಿರಗಳ ಮೂಲಕ ಹರಡಿತ್ತು. ಪಾಕ ಗೊತ್ತಿದ್ದ ಮಾತ್ರಕ್ಕೆ ಸಾವಿರಾರು ರೈತರು ಬದಲಾಗಲಿಲ್ಲ ಎಂಬುದೇ ಯೋಚಿಸಬೇಕಾದ ಸಂಗತಿ.

ಏಕೆ ಬದಲಾಗುವುದಿಲ್ಲ? ರೈತ ಹಠಮಾರಿ, ಹಳೆಯದನ್ನು ಬಿಡಲಾರ ಎಂಬ ಉತ್ತರ ಪಟ್ಟಣಗಳಲ್ಲಿ ಸುಲಭವಾಗಿ ಸಿಗುತ್ತದೆ. ಆ ಉತ್ತರ ತಪ್ಪು. ಗೊಬ್ಬರಕ್ಕೆ ಒಗ್ಗಿದ ಮಣ್ಣು ಅದನ್ನು ನಿಲ್ಲಿಸಿದ ವರ್ಷವೇ ತನ್ನ ಕಾಲ ಮೇಲೆ ನಿಲ್ಲುವುದಿಲ್ಲ. ಚೇತರಿಕೆಗೆ ಎರಡು ಮೂರು ವರ್ಷ ಬೇಕಾಗಬಹುದು. ಆ ನಡುವಿನ ಅವಧಿಯಲ್ಲಿ ಇಳುವರಿ ಇಳಿದರೆ ನಷ್ಟ ಹೊರುವವನು ರೈತನೊಬ್ಬನೇ. ಭಾಷಣಕಾರ, ಅಧಿಕಾರಿ, ಸಂಸ್ಥೆ ಯಾರೂ ಅದರಲ್ಲಿ ಪಾಲು ಹೊರುವುದಿಲ್ಲ. ಐದು ಎಕರೆ ಖುಷ್ಕಿ, ಎರಡು ಸಾಲ, ಶಾಲೆಗೆ ಹೋಗುವ ಇಬ್ಬರು ಮಕ್ಕಳಿರುವ ಮನೆಯ ಯಜಮಾನ ಅಳುಕುವುದು ವಿವೇಕವೇ ಹೊರತು ಮೊಂಡುತನವಲ್ಲ. ಆ ಅಳುಕನ್ನು ಲೆಕ್ಕಿಸದೆ ಹೊರಟರೆ ಏನಾಗುತ್ತದೆಂಬುದನ್ನು ಶ್ರೀಲಂಕಾ ತೋರಿಸಿತು. 2021ರಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳ ಆಮದನ್ನು ಒಮ್ಮೆಗೇ ನಿಷೇಧಿಸಿತು. ಭತ್ತದ ಇಳುವರಿ ಭಾರಿ ಪ್ರಮಾಣದಲ್ಲಿ ಕುಸಿಯಿತು, ಚಹಾ ತೋಟಗಳು ತತ್ತರಿಸಿದವು. ಆ ವರ್ಷದ ನವೆಂಬರಿನಲ್ಲಿ ಆದೇಶವನ್ನು ಹಿಂತೆಗೆದುಕೊಳ್ಳಬೇಕಾಯಿತು.

ಆಂಧ್ರ ಹಿಡಿದ ದಾರಿ ಬೇರೆ. ಅದರ ಬೇರು ಸರ್ಕಾರದ ಕಚೇರಿಯಲ್ಲಿಲ್ಲ, ಒಂದು ಸಣ್ಣ ಊರಿನಲ್ಲಿದೆ. ಖಮ್ಮಂ ಸೀಮೆಯ ಪುನುಕುಲ ಎಂಬ ಹತ್ತಿ ಬೆಳೆಯುವ ಗ್ರಾಮ, ಈಗ ತೆಲಂಗಾಣದಲ್ಲಿದೆ. ಔಷಧಿ ಅಂಗಡಿಯ ಸಾಲದಲ್ಲಿ ಮುಳುಗಿದ್ದ ಆ ಊರಿನ ರೈತರು ಒಬ್ಬರನ್ನು ನೋಡಿ ಒಬ್ಬರು ಕೀಟನಾಶಕ ಬಿಟ್ಟು, 2000ದ ದಶಕದ ಮೊದಲ ವರ್ಷಗಳಲ್ಲಿ ಊರನ್ನೇ ಕೀಟನಾಶಕಮುಕ್ತವೆಂದು ಸಾರಿದರು. ಊರಿನ ಮಹಿಳಾ ಸಂಘಗಳು ಅದರ ಬೆನ್ನೆಲುಬಾಗಿದ್ದವು. ಈ ಅನುಭವವನ್ನು ಗ್ರಾಮೀಣ ಬಡತನ ನಿರ್ಮೂಲನ ಸಂಸ್ಥೆಯು ಮಹಿಳಾ ಸಂಘಗಳ ಜಾಲದ ಮೂಲಕ ಬೇರೆ ಜಿಲ್ಲೆಗಳಿಗೆ ಒಯ್ದಿತು. 2014ರಲ್ಲಿ ಆಂಧ್ರ ಸರ್ಕಾರ ರೈತು ಸಾಧಿಕಾರ ಸಂಸ್ಥೆಯನ್ನು ಸ್ಥಾಪಿಸಿತು. ನಿವೃತ್ತ ಐಎಎಸ್ ಅಧಿಕಾರಿ ಟಿ. ವಿಜಯ್ ಕುಮಾರ್ ಮುಂದಾಳತ್ವದಲ್ಲಿ ಆ ಸಂಸ್ಥೆಯೇ ಇಂದು ಸಮುದಾಯ ನಿರ್ವಹಣೆಯ ಪ್ರಕೃತಿ ವ್ಯವಸಾಯವನ್ನು ನಡೆಸುತ್ತಿದೆ.

ಇದರ ಜೀವಾಳ ಪಾಕದಲ್ಲಿಲ್ಲ, ಪಾಠ ಹೇಳುವವರ ಆಯ್ಕೆಯಲ್ಲಿದೆ. ಹೇಳಿಕೊಡುವವರು ಪದವೀಧರ ಅಧಿಕಾರಿಗಳಲ್ಲ, ತಮ್ಮ ಹೊಲದಲ್ಲಿ ಮಾಡಿ ನೋಡಿದ ರೈತರೇ. ಅವರಲ್ಲಿ ಹೆಂಗಸರ ಸಂಖ್ಯೆ ದೊಡ್ಡದು. ಸ್ವತಃ ಮಾಡದವರಿಗೆ ಹೇಳುವ ಅಧಿಕಾರವಿಲ್ಲ ಎಂಬುದು ಮೊದಲ ಷರತ್ತು. ಅವರು ಒಂದು ದಿನದ ತರಬೇತಿ ಮುಗಿಸಿ ಹೊರಟುಹೋಗುವವರಲ್ಲ; ಊರಿನಲ್ಲೇ ಅಥವಾ ಪಕ್ಕದ ಊರಿನಲ್ಲೇ ಇದ್ದು, ಹುಳು ಬಿದ್ದಾಗ, ಎಲೆ ಹಳದಿಯಾದಾಗ, ಧೈರ್ಯ ಕುಂದಿದಾಗ ಹೊಲಕ್ಕೆ ಬರುವವರು. ಮಾತುಕತೆ ನಡೆಯುವುದು ಡ್ವಾಕ್ರಾ ಸಂಘದ ಸಭೆಯಲ್ಲಿ. ಬೀಜಕ್ಕೋ ಬೆಲ್ಲಕ್ಕೋ ಬೇಕಾದ ಸಣ್ಣ ಸಾಲವೂ ಅಲ್ಲೇ ದೊರೆಯಬಲ್ಲದು. ದನವಿಲ್ಲದ ಮನೆಯವರಿಗೆ ಜೀವಾಮೃತ, ಕಷಾಯಗಳನ್ನು ತಯಾರಿಸಿ ಮಾರುವ ಅಂಗಡಿಗಳನ್ನು ಕೆಲವು ಊರುಗಳಲ್ಲಿ ತೆರೆಯಲಾಗಿದೆ.

ಇಡೀ ಹೊಲವನ್ನು ಒಮ್ಮೆಗೇ ಬದಲಿಸಬೇಕೆಂಬ ಒತ್ತಾಯವೂ ಇಲ್ಲ. ಹಿತ್ತಲಿನ ಕೈತೋಟದಿಂದ ಆರಂಭಿಸಬಹುದು. ಬಯಸಿದಾಗ ಹಣ ಕೊಡುವ ಯಂತ್ರದ ನೆನಪಿನಲ್ಲಿ 'ಎಟಿಎಂ ಮಾದರಿ' ಎಂದು ಕರೆಯುವ ತರಕಾರಿ ತಾಕುಗಳು ಬರೀ 20 ಸೆಂಟ್ ವಿಸ್ತೀರ್ಣದವು, ಗಡಿಯಾಚೆಯ ಲೆಕ್ಕದಲ್ಲಿ 8 ಗುಂಟೆ. ವಾರಕ್ಕೊಮ್ಮೆಯಾದರೂ ಏನಾದರೊಂದು ಕೊಯ್ಲಿಗೆ ಬರುವಂತೆ ಅಲ್ಲಿ ಬೆಳೆಗಳನ್ನು ಹೊಂದಿಸುತ್ತಾರೆ. ಕೆಟ್ಟರೆ ಕೆಡುವುದು 8 ಗುಂಟೆ ಮಾತ್ರ. ಗೆದ್ದರೆ ಸಂತೆಯ ದಿನ ಕೈಯಲ್ಲಿ ಕಾಸು.

2024ರ ಗುಲ್ಬೆಂಕಿಯನ್ ಮಾನವತಾ ಪ್ರಶಸ್ತಿಯನ್ನು ಪೋರ್ಚುಗಲ್‌ನ ಪ್ರತಿಷ್ಠಾನವು ಈ ಕಾರ್ಯಕ್ರಮಕ್ಕೆ, ಮಣ್ಣು ವಿಜ್ಞಾನಿ ರತನ್ ಲಾಲ್ ಅವರಿಗೆ ಮತ್ತು ಈಜಿಪ್ಟಿನ ಸೆಕೆಮ್ ಸಂಸ್ಥೆಗೆ ಹಂಚಿ ನೀಡಿತು. ಆಗ ತಿಳಿಸಲಾದ ಲೆಕ್ಕದಂತೆ 10 ಲಕ್ಷಕ್ಕೂ ಹೆಚ್ಚು ರೈತರು, ಸುಮಾರು 5 ಲಕ್ಷ ಹೆಕ್ಟೇರ್. ಭಾಗಿಸಿ ನೋಡಿದರೆ ಒಬ್ಬರಿಗೆ ಅರ್ಧ ಹೆಕ್ಟೇರ್, ಎಂದರೆ ಸುಮಾರು ಒಂದೂಕಾಲು ಎಕರೆ. ಬಹುಪಾಲು ರೈತರು ಒಂದು ತಾಕಿನಲ್ಲಿ ಪರೀಕ್ಷಿಸುತ್ತ, ಉಳಿದದ್ದನ್ನು ಹಳೆಯ ರೀತಿಯಲ್ಲೇ ಇಟ್ಟುಕೊಂಡಿರಬಹುದೆಂಬುದನ್ನು ಈ ಅಂಕಿ ಸೂಚಿಸುತ್ತದೆ. ಇನ್ನೊಂದು ಅಂಕಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. 2018ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ್ದ ಗುರಿ, 2024ರೊಳಗೆ 60 ಲಕ್ಷ ರೈತರು, 80 ಲಕ್ಷ ಹೆಕ್ಟೇರ್. ಗುರಿಯ ಆರರಲ್ಲೊಂದು ಪಾಲು ರೈತರು, ವಿಸ್ತೀರ್ಣದಲ್ಲಿ ಅದಕ್ಕಿಂತಲೂ ಕಡಿಮೆ. ಇದನ್ನು ಸೋಲೆಂದು ಕರೆಯುವವರು ಇದ್ದಾರೆ. ಆದರೆ ಶ್ರೀಲಂಕಾದ ಹಾದಿಯನ್ನು ನೆನೆದರೆ, ಘೋಷಣೆಯ ವೇಗಕ್ಕೆ ರೈತ ಓಡದಿದ್ದುದೇ ಒಳಿತಾಯಿತು.

ಸಂದೇಹಗಳು ಇಲ್ಲವೆಂದಲ್ಲ. 2019ರಲ್ಲಿ ಕೇಂದ್ರ ಬಜೆಟ್ಟಿನಲ್ಲಿ ಶೂನ್ಯ ಬಂಡವಾಳ ಕೃಷಿಯ ಪ್ರಸ್ತಾಪ ಬಂದಾಗ ರಾಷ್ಟ್ರೀಯ ಕೃಷಿ ವಿಜ್ಞಾನಗಳ ಅಕಾಡೆಮಿ ಅದನ್ನು ಬಹಿರಂಗವಾಗಿ ವಿರೋಧಿಸಿತು. ಪರೀಕ್ಷೆಗೊಳಪಡದ ವಿಧಾನವೆಂಬುದು ಅದರ ಆಕ್ಷೇಪ. ಆನಂತರ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಆಂಧ್ರದ ಹಲವು ಜಿಲ್ಲೆಗಳಲ್ಲಿ ರೈತರ ಹೊಲಗಳಲ್ಲೇ ತಾಕುಗಳನ್ನು ಮಾಡಿ ಹೋಲಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ತಾಕುಗಳಲ್ಲಿ ಇಳುವರಿ ಕುಸಿದಿರಲಿಲ್ಲ, ಒಟ್ಟಾರೆ ಹೆಚ್ಚೇ ಇತ್ತು. ಮುಚ್ಚಿಗೆಯಿಂದ ನೆಲ ತಂಪಾಗಿ, ತೇವ ಉಳಿದದ್ದು ಇದಕ್ಕೆ ಒಂದು ಕಾರಣವೆಂದು ಅವರು ಕಂಡರು. ವಾದ ಇನ್ನೂ ಮುಗಿದಿಲ್ಲ. 'ಶೂನ್ಯ ಬಂಡವಾಳ' ಎಂಬ ಹೆಸರು ಮಾತ್ರ ಆಂಧ್ರದಲ್ಲಿ ಹಿಂದೆ ಸರಿದದ್ದು ಸರಿಯಾದದ್ದೇ. ಬಂಡವಾಳವಿಲ್ಲದ ಬೇಸಾಯ ಯಾವುದೂ ಇಲ್ಲ.

ಇಲ್ಲಿ ಬಂಡವಾಳವೆಂದರೆ ಮೈದುಡಿಮೆ. ಯೂರಿಯಾದ 45 ಕಿಲೋ ಚೀಲಕ್ಕೆ ಬೇವಿನ ಲೇಪನ ಮತ್ತು ತೆರಿಗೆ ಬಿಟ್ಟು 242 ರೂಪಾಯಿ. ನಿಜವಾದ ವೆಚ್ಚದ ದೊಡ್ಡ ಪಾಲನ್ನು ಸರ್ಕಾರ ಭರಿಸುತ್ತದೆ. ಆ ಚೀಲವನ್ನು ಬೇಡವೆಂದು, ಬೆಳಗಿನ ಜಾವ ಸಗಣಿ ಗಂಜಲ ಕೂಡಿಟ್ಟು, ಪೀಪಾಯಿ ಕಲಕಿ, ಬಿಂದಿಗೆಯಲ್ಲಿ ಹೊಲಕ್ಕೆ ಹೊರುವ ಹೆಂಗಸಿನ ದುಡಿಮೆಗೆ ಅಂತಹ ಸಹಾಯಧನವಿಲ್ಲ. ಮನೆಗೆಲಸ, ಕೂಲಿ, ಮಕ್ಕಳ ಶಾಲೆಯ ನಡುವೆ ಇದೂ ಅವಳ ತಲೆಯ ಮೇಲೆ ಬಿದ್ದರೆ ಅದನ್ನು ಮಹಿಳಾ ಸಬಲೀಕರಣ ಎಂದು ಕರೆಯುವ ಮುನ್ನ ಸ್ವಲ್ಪ ತಡೆಯಬೇಕು.

ಕುರಿಗಳ ವಿಷಯವೂ ಇದೆ. ಕೊಯ್ಲಾದ ಹೊಲಗಳಲ್ಲಿ ಯಾರ ಕುರಿಯಾದರೂ ಮೇಯಬಹುದೆಂಬುದು ಈ ಸೀಮೆಯ ಹಳೆಯ ಕಟ್ಟಳೆ. ಊರೆಲ್ಲ ಕೆಂಪಗಿರುವ ಮೇ ತಿಂಗಳಲ್ಲಿ ಒಬ್ಬನ ಹೊಲ ಮಾತ್ರ ಹಸಿರಾಗಿದ್ದರೆ ಮಂದೆ ನುಗ್ಗುವುದು ಅಲ್ಲಿಗೇ. ತಪ್ಪು ಕುರಿಯದಲ್ಲ, ಕುರುಬನದೂ ಅಲ್ಲ. ಅವನಿಗೂ ಬೇಸಿಗೆ ದಾಟಬೇಕಾಗಿದೆ. ಒಂದೇ ಬಯಲಿನ ಹತ್ತು ಮಂದಿ ಕೂಡಿ ಬಿತ್ತಿ, ಮಂದೆಗೆ ಬೇರೆ ದಾರಿ ಬಿಟ್ಟು, ಆಮೇಲೆ ಅದೇ ಕುರಿಗಳನ್ನು ಗೊಬ್ಬರಕ್ಕಾಗಿ ತರುಬಿಸಿಕೊಂಡರೆ ಇಬ್ಬರಿಗೂ ಲಾಭ. ಅದು ಒಬ್ಬ ರೈತನ ನಿರ್ಧಾರದಿಂದ ಆಗುವ ಕೆಲಸವಲ್ಲ, ಊರ ಕಟ್ಟೆಯಲ್ಲಿ ಕುಳಿತು ಮಾತಾಡಬೇಕಾದದ್ದು.

ಎಲ್ಲಕ್ಕಿಂತ ಗಟ್ಟಿಯಾದ ಗಂಟು ಗುತ್ತಿಗೆಯದು. ಮಣ್ಣಿಗೆ ಮೂರು ವರ್ಷ ಬೇಕು. ಆಂಧ್ರದ 2019ರ ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯ್ದೆಯಡಿ ಗುತ್ತಿಗೆ ರೈತನಿಗೆ, ಅಲ್ಲಿಯ ಮಾತಿನ 'ಕೌಲು ರೈತು'ವಿಗೆ, ಸಿಗುವ ಪತ್ರದ ಆಯುಷ್ಯ 11 ತಿಂಗಳು. ಅದಕ್ಕೂ ಹೊಲದ ಒಡೆಯನ ಒಪ್ಪಿಗೆಯ ಸಹಿ ಬೇಕು. ಮುಂದಿನ ವರ್ಷ ಈ ಹೊಲ ತನ್ನ ಕೈಯಲ್ಲಿರುತ್ತದೋ ಇಲ್ಲವೋ ತಿಳಿಯದವನು ಅದರ ಮಣ್ಣಿಗೇಕೆ ಮೈ ಮುರಿಯಬೇಕು? ಅವನು ಮಣ್ಣನ್ನು ಉದ್ಧಾರ ಮಾಡಿದ ಮೇಲೆ ಒಡೆಯ ಗುತ್ತಿಗೆ ಏರಿಸುವುದಿಲ್ಲವೆಂಬ ಭರವಸೆ ಕೊಡುವವರು ಯಾರು? ತರಬೇತಿಯಿಂದ, ಕೈಪಿಡಿಯಿಂದ ಇದು ಬಿಡಿಸಿಕೊಳ್ಳುವ ಗಂಟಲ್ಲ. ಮಣ್ಣಿನ ಮಾತಾಡುವ ಸಭೆಗಳಲ್ಲಿ ಈ ಪ್ರಶ್ನೆಯನ್ನೂ ಎತ್ತಬೇಕು.

ಗಡಿನಾಡಿನ ಮನೆಗಳಿಗೆ ಇನ್ನೊಂದು ಸಣ್ಣ ತೊಡಕಿದೆ, ಸಣ್ಣದೆಂದು ಬಿಡುವಂತಹದ್ದಲ್ಲ. ಸರ್ಕಾರದ ಮಾತು ತೆಲುಗಿನಲ್ಲಿ ನಡೆಯುವುದು ಸಹಜ. ಡಿ. ಹಿರೇಹಾಳ್, ಅಮರಾಪುರಂ, ಅಗಳಿ, ರೊಳ್ಳ ಮಂಡಲಗಳ ಅನೇಕ ಮನೆಗಳಲ್ಲಿ ಬೇಸಾಯದ ಮಾತು ಕನ್ನಡದ್ದು. ಸಂತೆಯ ತೆಲುಗು ಎಲ್ಲರಿಗೂ ಬರುತ್ತದೆ. ಆದರೆ 'ಹದ', 'ಅಕ್ಕಡಿ', 'ಕೂರಿಗೆ', 'ಸೆಲೆ' ಎಂಬ ಪದಗಳಲ್ಲಿ ಯೋಚಿಸುವ ಅಜ್ಜಿಗೆ ಮುದ್ರಿತ ಕೈಪಿಡಿ ಅರ್ಧ ಮಾತ್ರ ತೆರೆದುಕೊಳ್ಳುತ್ತದೆ. ಇಂತಹ ಕಡೆ ನೆರೆಮನೆಯ ಹೆಂಗಸೇ ಪಾಠ ಹೇಳುವ ಪದ್ಧತಿಯ ಬೆಲೆ ಇಮ್ಮಡಿ, ಏಕೆಂದರೆ ಅವಳು ಹೇಳುವುದು ಮನೆಮಾತಿನಲ್ಲಿ. ಕನ್ನಡದ ಜೊತೆಗೆ ತೆಲುಗನ್ನೂ ಓದಬಲ್ಲ ಮಕ್ಕಳು ಮನೆಯಲ್ಲಿದ್ದರೆ, ಕೈಪಿಡಿಯ ಒಂದು ಪುಟವನ್ನು ರಾತ್ರಿ ಊಟದ ನಂತರ ಅಜ್ಜಿಗೆ ಓದಿ ಹೇಳುವುದೂ ಒಂದು ಕೃಷಿ ವಿಸ್ತರಣೆಯೇ. ಅಜ್ಜಿ ಅದರಲ್ಲಿ ತಪ್ಪು ಹಿಡಿಯಬಹುದು. ಹಿಡಿಯಲಿ.

ಆಂಧ್ರದ ಹೊರಗಿನ ಗಡಿ ಸೀಮೆಗಳಿಗೂ ಈ ಮಾತು ದೂರದ್ದಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ರಾಷ್ಟ್ರೀಯ ನೈಸರ್ಗಿಕ ಕೃಷಿ ಮಿಷನ್‌ನ ಒಟ್ಟು ವೆಚ್ಚ 2,481 ಕೋಟಿ ರೂಪಾಯಿ. 15,000 ಗುಚ್ಛಗಳಲ್ಲಿ 7.5 ಲಕ್ಷ ಹೆಕ್ಟೇರ್, 1 ಕೋಟಿ ರೈತರು, ಜೈವಿಕ ಒಳಸುರಿಗಳನ್ನು ಒದಗಿಸುವ 10,000 ಕೇಂದ್ರಗಳು ಅದರ ಗುರಿ. ಜತ್ತ, ಅಕ್ಕಲಕೋಟೆ, ತಾಳವಾಡಿ, ಕಾಸರಗೋಡುಗಳ ರೈತರು ತಮ್ಮ ಪಂಚಾಯತಿ ಅಥವಾ ಕೃಷಿ ಕಚೇರಿಯಲ್ಲಿ, ತಮ್ಮ ಊರು ಯಾವುದಾದರೂ ಗುಚ್ಛದಲ್ಲಿದೆಯೇ ಎಂದು ಕೇಳಬಹುದು. ಕೇಳುವಾಗ ಇನ್ನೂ ಒಂದು ಪ್ರಶ್ನೆ ಸೇರಿಸಿದರೆ ಒಳ್ಳೆಯದು: ಹೇಳಿಕೊಡಲು ಬರುವವರು ಸ್ವತಃ ಎಷ್ಟು ವರ್ಷದಿಂದ ಮಾಡುತ್ತಿದ್ದಾರೆ, ಎರಡನೆಯ ವರ್ಷವೂ ಬರುತ್ತಾರೆಯೇ?

ರಾಯದುರ್ಗದ ಕಡೆ ಒಣ ಬಿತ್ತನೆಗೆ ಬೀಜ ಕೂಡಿಸುವ ಕೆಲಸ ಯುಗಾದಿಯ ಸುತ್ತಮುತ್ತ ಶುರುವಾಗಬೇಕು. ಇಪ್ಪತ್ತು ಬಗೆ ಒಂದೇ ಮನೆಯಲ್ಲಿ ಸಿಗುವುದಿಲ್ಲ. ಹುಚ್ಚೆಳ್ಳು ಒಬ್ಬರ ಗಡಿಗೆಯಲ್ಲಿ, ಪುಂಡಿ ಬೀಜ ಇನ್ನೊಬ್ಬರ ಸೂರಿನ ಗಂಟಿನಲ್ಲಿ, ನವಣೆ ಮೂರನೆಯ ಓಣಿಯ ಮುದುಕಿಯ ಬಳಿ. ಪರೀಕ್ಷೆ ಮುಗಿಸಿ ಬೇಸಿಗೆ ರಜೆಗೆ ಬಿದ್ದ ಮಕ್ಕಳು ಜೇಡಿಮಣ್ಣಿನಲ್ಲಿ ಬೀಜ ಉರುಳಿಸುವುದನ್ನು ಬೇಗ ಕಲಿಯುತ್ತಾರೆ. ಉಂಡೆಗಳು ನೆರಳಲ್ಲಿ ಒಣಗಬೇಕು, ಬಿಸಿಲಲ್ಲಿಟ್ಟರೆ ಬಿರಿಯುತ್ತವೆ. ಭರಣಿ ಹುಟ್ಟುವುದರೊಳಗೆ ಅವು ಹೊಲ ಸೇರಿದರೆ ಸಾಕು.